ಸದ್ದಿಲ್ಲದೆ ಸೋತ ಸಾಲು

ನಾನು ಒಂದು ಸೆಟ್ಟಿಂಗ್ಸ್ ಕಡತ. ಬರೆಯುವ ತಂತ್ರಾಂಶ ಹೇಗೆ ನಡೆದುಕೊಳ್ಳಬೇಕೆಂದು ಅದಕ್ಕೆ ಹೇಳಿಕೊಡುವುದು ನನ್ನ ಕೆಲಸ. ನಾನು ಹುಟ್ಟಿದ್ದು ಧಾರವಾಡದಲ್ಲಿ, ಜನಪದ ಹಾಡು ಸಂಗ್ರಹಿಸುವ ನೀಲಾಂಬಿಕಾ ಅವರ ಕೈಯಲ್ಲಿ.

ಮೊದಮೊದಲು ನನ್ನೊಳಗೆ ಅಕ್ಷರದ ಗಾತ್ರ, ಬಣ್ಣ, ಇಷ್ಟೇ ಇತ್ತು. ಆಮೇಲೆ ಅವರು ತಾನಾಗಿಯೇ ನಡೆಯುವ ಒಂದು ಆಜ್ಞೆ ಬರೆದರು: ಬರಹವನ್ನು ಸೇವ್ ಮಾಡಿದಾಗಲೆಲ್ಲ ಪೆನ್‌ಡ್ರೈವಿಗೆ ಒಂದು ನಕಲು ಹೋಗಬೇಕು. ಕಚೇರಿಯ ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್ ವ್ಯವಸ್ಥೆ, ಹಳ್ಳಿಗೆ ಒಯ್ಯುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್. ಎರಡರಲ್ಲೂ ನಾನೇ ಇರುತ್ತಿದ್ದೆ; ಪೆನ್‌ಡ್ರೈವಿಗೆ ಹೋಗುವ ದಾರಿ ಮಾತ್ರ ಬೇರೆಬೇರೆಯಾದ್ದರಿಂದ ಒಂದೊಂದಕ್ಕೆ ಒಂದೊಂದು ಸಾಲು. ಪ್ರತಿ ಸಲ ಬರುವ ಸಂದೇಶ ಕಿರಿಕಿರಿ ಎಂದು, ಏನೇ ಆದರೂ ಸುಮ್ಮನಿರು ಎಂದೂ ಸೇರಿಸಿದರು.

"ಮೇಡಮ್ರ, ವಿಂಡೋಸ್‌ನಾಗ ಒಮ್ಮೆ ನಡೆಸಿ ನೋಡ್ರಿ," ಅಂದ ಜೊತೆಗಾರ ದಸ್ತಗೀರ.

"ಬರೋಬ್ಬರಿ ಐತಿ ಬಿಡೋ," ಅಂದರು ಅವರು.

ನವಲಗುಂದದ ಕಡೆಯ ಫಕೀರವ್ವ ತಾಯಿಯಿಂದ ಕಲಿತ ಅರವತ್ತೊಂದು ಹಾಡು ಬಲ್ಲವಳು. ರೆಕಾರ್ಡ್ ಮಾಡಲು ಬಿಡಲಿಲ್ಲ. "ನನ್ನ ದನಿ ಹಿಡಿಬ್ಯಾಡವ್ವ. ಬೇಕಾದ್ರ ಬರಕೋ." ನೀಲಾಂಬಿಕಾ ನಾಲ್ಕು ತಿಂಗಳು, ಪ್ರತಿ ಗುರುವಾರ, ಅವಳೆದುರು ಕೂತು ನೇರ ಲ್ಯಾಪ್‌ಟಾಪಿನಲ್ಲೇ ಬರೆದುಕೊಂಡರು. ಪ್ರತಿ ಸೇವ್‌ಗೂ ನನ್ನ ವಿಂಡೋಸ್ ಸಾಲು ಎದ್ದು, ಪೆನ್‌ಡ್ರೈವಿನ ದಾರಿ ಹುಡುಕಿ, ಕಾಣದೆ ಮರಳಿತು. ಹೇಳಿದಂತೆ ಸುಮ್ಮನಿದ್ದೆ.

ಕೊನೆಯ ಹಾಡು ಬರೆದುಕೊಂಡು ಬರುವಾಗ ಬಸ್ಸಿನ ಮೇಲುಹಲಗೆಯಿಂದ ಲ್ಯಾಪ್‌ಟಾಪ್ ಬಿತ್ತು. ಡಿಸ್ಕ್ ಹೋಯಿತು. ಕಚೇರಿಯಲ್ಲಿ ಪೆನ್‌ಡ್ರೈವ್ ಹಾಕಿದರೆ ಅದರಲ್ಲಿ ಫಕೀರವ್ವನ ಒಂದು ಹಾಡೂ ಇಲ್ಲ. ದಸ್ತಗೀರ ನನ್ನನ್ನು ತೆರೆದು ಓದಿದ. "ಮೇಡಮ್ರ, ವಿಂಡೋಸ್ ಸಾಲಿನಾಗೂ ಲಿನಕ್ಸ್ ದಾರೀನ ಬರದೀರಿ."

ಮರುವಾರ ನೀಲಾಂಬಿಕಾ ಫಕೀರವ್ವನ ಹಳ್ಳಿಗೆ ಹೋಗಿ ಬಂದು, ನನ್ನೆದುರಿಗೇ ದಸ್ತಗೀರನಿಗೆ ಹೇಳಿದರು: "ಲಕ್ವಾ ಹೊಡದೈತಿ ಆಕೀಗೆ. ಒಂದು ಹಾಡೂ ನೆನಪಿಲ್ಲ. ನನ್ನ ಕೈ ಹಿಡಕೊಂಡು, 'ಎಲ್ಲಾ ನಿನ್ನ ಹತ್ರ ಕೊಟ್ಟೀನಲ್ಲ, ಒಂದು ಓದವ್ವ, ಕೇಳ್ತೀನಿ' ಅಂದ್ಲು."

"ನೀವೇನಂದ್ರಿ?"

"ಮುಂದಿನ ಸಲ ತರ್ತೀನಿ ಅಂದೆ."

ಆ ದಿನವೇ ಅವರು ನನ್ನ ಸಾಲು ತಿದ್ದಿದರು, ಸುಮ್ಮನಿರು ಎಂಬುದನ್ನು ಅಳಿಸಿದರು, ಕಚೇರಿಯಲ್ಲೂ ಹೊಸ ಡಿಸ್ಕ್ ಹಾಕಿದ ಲ್ಯಾಪ್‌ಟಾಪಿನಲ್ಲೂ ನಡೆಸಿ ನೋಡಿದರು. ನೆನಪಿನಿಂದ ಮೂರು ಹಾಡು ಬರೆದರು. ಆ ಮೂರೂ ಪೆನ್‌ಡ್ರೈವಿಗೆ ತಪ್ಪದೆ ಹೋದವು.

ಈಗ ಕಚೇರಿಗೆ ಬೇರೆ ತಂತ್ರಾಂಶ ಬಂದಿದೆ. ನಾನು 'ಹಳೆಯದು' ಎಂಬ ಫೋಲ್ಡರಿನಲ್ಲಿದ್ದೇನೆ. ಯಾರೂ ತೆರೆಯುವುದಿಲ್ಲ. ಸುಮ್ಮನಿರು ಎಂದವರು ಅವರೇ, ನಿಜ. ಆದರೂ ಆ ನಾಲ್ಕು ತಿಂಗಳಲ್ಲಿ ಒಂದು ಸಲ, ಒಂದೇ ಒಂದು ಸಲ, ಅವರ ಮಾತು ಮೀರಿ ಕೂಗಬೇಕಿತ್ತು.