ಉಬ್ಬೆ ಹಾಕಿದ ಕಲ್ಲು

"ಇವನ್ನ ಯಾರು ತೊಳೆದರು?" ಎಂದು ಸುಮಂತ ಕೇಳಿದಾಗ ಗುತ್ಯವ್ವನಿಗೆ ಹೆಮ್ಮೆಯೇ ಆಯಿತು. ಕಾಲುವೆಗೆ ಕೈ ಹಾಕಿ ಒಂದು ಹಿಡಿ ಜಂಬಿಟ್ಟಿಗೆ ಕಲ್ಲಿನ ಚೂರು ತೆಗೆದು ಅವನು ಬಿಸಿಲಿಗೆ ಹಿಡಿದಿದ್ದ. ಕೆಂಪಗೆ, ಚೊಕ್ಕಟವಾಗಿ, ಈಗಷ್ಟೇ ಒಡೆದು ತಂದಂತಿದ್ದವು.

"ನಾವ ತೊಳದೇವ್ರಿ. ಪಾಚಿ ಹಿಡದು ನಾರತಿದ್ವು. ಶಿವರಾತ್ರಿಗೆ ಬರ್ತೇನಿ ಅಂದವ್ರು ನೀವು ಬರಲಿಲ್ಲ. ನಾನೂ ನಮ್ಮನಿಯವ್ರೂ ಎಲ್ಲಾ ಬಾನಿಗೆ ಸುರದು, ಸೋಡಾ ಹಾಕಿ ಕುದಿಸಿ, ಉಬ್ಬೆ ಹಾಕಿದ್ವಿ. ಮದುವಿ ಮನಿ ಬಟ್ಟಿಗೂ ಅಷ್ಟು ಮಾಡೂದಿಲ್ಲ ನೋಡ್ರಿ."

"ಆ ನೀರು?"

"ಯಾವ ನೀರು?"

"ಕಲ್ಲು ಬೇಯಿಸಿದ ನೀರು, ಗುತ್ಯವ್ವ. ಎಲ್ಲಿ ಚೆಲ್ಲಿದಿರಿ?"

ಅವಳು ಕೆರೆಯ ಕಡೆ ನೋಡಿದಳು. ಇನ್ನೆಲ್ಲಿ ಚೆಲ್ಲುತ್ತಾರೆ? ಬಾನಿಯ ನೀರು ಅಜ್ಜನ ಕಾಲದಿಂದಲೂ ಅಲ್ಲಿಗೇ. ಕೆರೆ ಈಗ ಬಣ್ಣ ಕಲಸಿಟ್ಟ ಹಾಗೆ ಹಸಿರಾಗಿ, ದಪ್ಪಗೆ ನಿಂತಿತ್ತು. ದಂಡೆಯಲ್ಲಿ ಸತ್ತ ಮೀನು. ಮೊನ್ನೆ ಚಂದ್ರಶೇಖರಪ್ಪನ ಎರಡು ಎಮ್ಮೆಗಳು ಇದೇ ನೀರು ಕುಡಿದು ಸಂಜೆಯೊಳಗೆ ಕಾಲು ಚಾಚಿದ್ದವು.

ಬನವಾಸಿ ದಾರಿಯ ಆ ಊರಿನಲ್ಲಿ ಮಡಿವಾಳರದು ಒಂದೇ ಮನೆ. ಸೋಪಿನ ಪುಡಿ ಬಂದ ಮೇಲೆ ಕೆರೆ ಪಾಚಿಗಟ್ಟತೊಡಗಿ, ಗುತ್ಯವ್ವ ಬಟ್ಟೆ ಒಗೆಯುವ ಮಡಿಕಟ್ಟೆಯನ್ನೇ ಮುಚ್ಚಿಸಬೇಕೆಂಬ ಮಾತು ಎದ್ದಿತ್ತು. ಬಟ್ಟೆಯ ಜೊತೆ ಪುಡಿ ಕೊಟ್ಟು ಕಳಿಸುವವರು ಊರವರೇ, ಹೊಲಸಾಯಿತೆಂದು ಮೂಗು ಮುರಿಯುವವರೂ ಅವರೇ! ಆಗ ಸಿಕ್ಕಿದವನು ಹುಲೇಕಲ್ ಕಡೆಯ ಈ ಹುಡುಗ, ಸುಮಂತ. ಧಾರವಾಡದಲ್ಲಿ ಓದುತ್ತಿದ್ದ. ಪುಡಿಯಲ್ಲಿರುವ ರಂಜಕವೇ ಪಾಚಿಗೆ ಗೊಬ್ಬರ, ಜಂಬಿಟ್ಟಿಗೆಯೊಳಗಿನ ಕಬ್ಬಿಣ ಅದನ್ನು ಹಿಡಿದುಕೊಳ್ಳುತ್ತದೆ ಎಂದು ಹೇಳಿ, ಕಟ್ಟೆಯಿಂದ ಕೆರೆಗೆ ಹರಿಯುವ ನೀರಿಗೆ ಕಲ್ಲಿನ ಚೂರು ತುಂಬಿದ ಕಾಲುವೆ ಮಾಡಿಸಿದ. ಎರಡು ವರ್ಷ ಕೆರೆ ತಿಳಿಯಾಗಿತ್ತು. ಹೊಟ್ಟೆ ತುಂಬಿದ ಕಲ್ಲನ್ನು ಪುಡಿ ಮಾಡಿ ಗದ್ದೆಗೆ ಹಾಕಿದರೆ ಒಳ್ಳೆಯ ಗೊಬ್ಬರ, ಶಿವರಾತ್ರಿಗೆ ಬಂದು ಹೊಸ ಕಲ್ಲು ತಾನೇ ತರಿಸುತ್ತೇನೆ ಎಂದೂ ಹೇಳಿದ್ದ. ತೊಳೆಯಬೇಡಿ ಎಂದು ಮಾತ್ರ ಹೇಳಿರಲಿಲ್ಲ. ಕಲ್ಲಿಗೆ ಉಬ್ಬೆ ಹಾಕುವವರು ಇರುತ್ತಾರೆಂದು ಯಾರಿಗೆ ಹೊಳೆದೀತು?

"ಸೋಡಾ ಬಿದ್ದರೆ ಕಲ್ಲು ಹಿಡಿದದ್ದನ್ನೆಲ್ಲ ಬಿಟ್ಟುಬಿಡ್ತದೆ," ಎಂದ ಸುಮಂತ, ಮೆಲ್ಲಗೆ. "ಎರಡು ವರ್ಷದ್ದು ಒಂದೇ ದಿನ ಕೆರೆಗೆ ಹೋಗಿದೆ."

ಗುತ್ಯವ್ವ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. "ಊರವ್ರ ಮುಂದ ಹೇಳಬ್ಯಾಡ್ರಿ," ಎಂದಳು. "ಕಟ್ಟಿ ಹೋದ್ರ ನಮಗ ಬ್ಯಾರೆ ಏನೂ ಇಲ್ರಿ."

"ತಪ್ಪು ನನ್ನದು ಅಂತಲೇ ಹೇಳ್ತೇನೆ. ನೀವು ಹೆದರಬೇಡಿ."

ಹಾಗೆಯೇ ಹೇಳಿದ ಪುಣ್ಯಾತ್ಮ. ಸಂಜೆ ಕೆರೆಯ ಏರಿಯ ಮೇಲೆ ಸೇರಿದ ಊರಿನ ಮುಂದೆ ನಿಂತು, ಶಿವರಾತ್ರಿಗೆ ಬಾರದಿದ್ದದ್ದು ತನ್ನ ತಪ್ಪು, ಹೇಳಿಕೊಡದಿದ್ದದ್ದು ತನ್ನ ತಪ್ಪು ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ತನ್ನ ತಪ್ಪು ಪೂರ್ತಿ ತಿಳಿಯಲೆಂದು ಕಲ್ಲು, ಸೋಡಾ, ಬಾನಿ ಎಲ್ಲವನ್ನೂ ಬಿಡಿಸಿ ಹೇಳಿದ.

ಚಂದ್ರಶೇಖರಪ್ಪ ಸಮಾಧಾನದಿಂದ ಕೇಳಿಸಿಕೊಂಡ. "ಒಟ್ಟಿನ ಮ್ಯಾಲೆ ಬಾನಿ ನೀರು ಕೆರಿಗೆ ಸುರದದ್ದು ಯಾರು? ಅಷ್ಟ ಹೇಳ್ರಿ."

"ಅವರಿಗೆ ಗೊತ್ತಿರಲಿಲ್ಲ. ಅದು ವಿಷ ಅಲ್ಲ, ಗೊಬ್ಬರ. ಪಾಚಿ ಬೆಳೀತು, ಆ ಪಾಚಿ ವಿಷ ಆಗಿ..."

"ನನ್ನ ಎಮ್ಮಿ ಸತ್ತದ್ದು ಅದರಿಂದನೋ ಅಲ್ಲೋ?"

ಸುಮಂತ ತಲೆ ತಗ್ಗಿಸಿದ. "ಹೌದು."

ಗುತ್ಯವ್ವನಿಗೆ ಅವನ ಬಾಯಿಗೆ ಸೆರಗು ತುರುಕಬೇಕೆನಿಸಿತು. ಎಮ್ಮೆ ಕಳೆದುಕೊಂಡವನ ಮೇಲೂ ಅವಳಿಗೆ ಅಷ್ಟು ಸಿಟ್ಟು ಬರಲಿಲ್ಲ. ಕತ್ತಲಾಗುವ ಮೊದಲೇ ತೀರ್ಮಾನವಾಯಿತು: ಇನ್ನು ಯಾರೂ ಕೆರೆಯಲ್ಲಿ ಬಟ್ಟೆ ಅದ್ದಕೂಡದು.

ಬೆಳಗಾಗುತ್ತಲೇ ಹೆಂಗಸರು ಬಂದರು. ಯಾರೂ ಬೈಯಲಿಲ್ಲ. ಜಗಲಿಯ ಮೇಲಿದ್ದ ಗಂಟುಗಳಲ್ಲಿ ತಮ್ಮ ತಮ್ಮದನ್ನು ಗುರುತಿಸಿ, ಬಗಲಿಗಿಟ್ಟುಕೊಂಡು ಹೋದರು. ಮನೆಮನೆಗೂ ಬೇರೆಯಾಗಿ ಬಟ್ಟೆಯ ಮೂಲೆಗೆ ಗುತ್ಯವ್ವ ಹಾಕಿದ್ದ ಗೇರಿನ ರಸದ ಕಪ್ಪು ಗುರುತು ಅವರಿಗೂ ಗೊತ್ತಿತ್ತು.

ಕೊನೆಗೆ ಪಾರ್ವತವ್ವ ಬಂದಳು. ಮಗಳು ಹೆತ್ತು ವಾರವಾಗಿತ್ತು. ಕೆರೆ ಕೆಟ್ಟ ಮೇಲೆ ಬಾಣಂತಿಯ ಬಟ್ಟೆಗೆಂದೇ ಗುತ್ಯವ್ವ ಬೋರಿನಿಂದ ನೀರು ಹೊತ್ತು ತಂದು ತೊಳೆಯುತ್ತಿದ್ದಳು. ಆಗಷ್ಟೇ ಹಗ್ಗಕ್ಕೆ ಹಾಕಿದ್ದ ಸೀರೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಣಗಲಿ ತಡಿರಿ, ಅವ್ವಾ. ಮಧ್ಯಾಹ್ನ ನಾನ ತಂದುಕೊಡ್ತೇನಿ."

"ಬ್ಯಾಡ ಬಿಡವ್ವಾ," ಎಂದಳು ಪಾರ್ವತವ್ವ, ಮುಖ ನೋಡದೆ. ಹಗ್ಗದಿಂದ ಒಂದು ಸೀರೆ ಎಳೆದು ಒಬ್ಬಳೇ ಹಿಂಡಲು ನೋಡಿದಳು. ಅರ್ಧ ನೆಲಕ್ಕೆ ತಾಗಿತು.

ಗುತ್ಯವ್ವ ಬಗ್ಗಿ ಆ ತುದಿಯನ್ನು ಹಿಡಿದುಕೊಂಡಳು. ಇಬ್ಬರೂ ಎದುರುಬದುರು ನಿಂತು, ನೀರು ಪೂರ್ತಿ ಇಳಿಯುವ ತನಕ ಹಿಂಡಿದರು.