ಉಪಚಾರಕ್ಕೆ ಅಂದ ಮಾತು

ಬೇಗೂರಿನ ಶಿವರುದ್ರಸ್ವಾಮಿಗೆ ಒಂದು ರೋಗವಿತ್ತು. ಯಾರೇ ಕರೆದರೂ ಮೊದಲ ಸಲಕ್ಕೆ ಹೂಂ ಅನ್ನುತ್ತಿರಲಿಲ್ಲ. ಮದುವೆಮನೆಯಲ್ಲಿ ಊಟಕ್ಕೆ ಏಳಿ ಅಂದರೆ "ಈಗ್ತಾನೆ ಆಯ್ತು ಬುಡಿ" ಅನ್ನುವುದು, ಇನ್ನೊಂದು ಸಲ ಕರೆದರೆ ಟವೆಲ್ ಕೊಡವಿಕೊಂಡು ಎದ್ದು ಎಲ್ಲರಿಗಿಂತ ಮೊದಲು ಎಲೆಯ ಮುಂದೆ ಕೂರುವುದು. ಅವನೊಬ್ಬನದೇ ಅಲ್ಲ ಅನ್ನಿ, ಆ ಸೀಮೆಯ ಮರ್ಯಾದಸ್ಥರೆಲ್ಲರ ರೀತಿಯೂ ಅದೇ. ಬೇಡ ಅನ್ನುವುದು ಬಂದವರ ಕೆಲಸ, ಬಲವಂತ ಮಾಡುವುದು ಕರೆದವರ ಕೆಲಸ.

ಅವನ ಮಗ ಸೋಮಶೇಖರ್ ಸೈನ್ಯದಲ್ಲಿ ಮೇಜರ್. ಊಟಿ ಪಕ್ಕದ ವೆಲಿಂಗ್ಟನ್‌ನಿಂದ ದೇಶದ ಉತ್ತರದ ತುದಿಯ ಪಠಾಣ್‌ಕೋಟ್‌ಗೆ ವರ್ಗವಾಗಿತ್ತು. ಹೆಂಡತಿ ಮಗುವನ್ನು ವಿಮಾನದಲ್ಲಿ ಕಳಿಸಿ, ತಾನು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಊಟಿ ಘಾಟಿ ಇಳಿದು, ಗುಂಡ್ಲುಪೇಟೆ ಹಾದು ಊರಿಗೆ ಬಂದಿದ್ದ. ನೆಲಕ್ಕೆ ಅಂಟಿಕೊಂಡಂಥ ಕಾರು, ಇರುವುದೇ ಎರಡು ಸೀಟು. "ಇಬ್ರೇ ಕೂರೋ ಗಾಡಿ ಯಾವ ಸಂಸಾರಕ್ಕಪ್ಪ" ಎಂದು ಬೈದುಕೊಂಡೇ ತಾಯಿ ಕರಿಬಸಮ್ಮ ಅದಕ್ಕೆ ವಿಭೂತಿ ಹಚ್ಚಿದಳು.

ಅಷ್ಟು ದೂರ ಕಾರು ಓಡಿಸಿಕೊಂಡು ಹೋಗುವುದೋ, ಕಾರು ಸಾಗಿಸುವ ಲಾರಿಗೆ ಹಾಕಿ ತಾನು ರೈಲು ಹತ್ತುವುದೋ ಎಂದು ಸೋಮಶೇಖರ್ ಇನ್ನೂ ತೀರ್ಮಾನಿಸಿರಲಿಲ್ಲ. ಬಂದ ದಿನವೇ ಜಗಲಿಯಲ್ಲಿ ಕೂತು ಕೇಳಿದ.

"ಅಪ್ಪ, ಓಡಿಸ್ಕೊಂಡೇ ಹೋಗನ ಅಂತ ಆಸೆ. ನೀನೂ ಬರ್ತೀಯಾ? ಒಂದು ವಾರದ ದಾರಿ, ನಾವಿಬ್ರೇ."

ಶಿವರುದ್ರಸ್ವಾಮಿಯ ಎದೆ ಹಿಗ್ಗಿತು. ಹತ್ತು ವರ್ಷದ ಹುಡುಗನನ್ನು ಸೈನಿಕ ಶಾಲೆಗೆ ಬಿಟ್ಟು ಬಂದವನು ಅವನೇ. ಅಂದಿನಿಂದ ಮಗ ರಜೆಗೆ ಬರುವ ನೆಂಟನಾಗಿಬಿಟ್ಟಿದ್ದ. ಅಪ್ಪ ಮಗ ಇಬ್ಬರೇ ಕೂತು ಮನಸಾರೆ ಮಾತಾಡಿದ್ದೇ ಇಲ್ಲ. ಈ ಒಂದು ವಾರ ಸಿಕ್ಕರೆ ಇನ್ನೇನೂ ಬೇಡ ಅನ್ನಿಸಿತು. ಆದರೆ ಬಾಯಿ ತನ್ನ ಚಾಳಿ ಬಿಡಬೇಕಲ್ಲ.

"ನಾನ್ಯಾಕಪ್ಪ? ವಯಸ್ಸಾದೋನು, ನಿಂಗೆ ತೊಂದ್ರೆ. ಬ್ಯಾಡ ಬುಡು."

"ಸರಿ" ಅಂದ ಮಗ.

ಇನ್ನೊಂದು ಸಲ ಕೇಳೇ ಕೇಳುತ್ತಾನೆ ಎಂದು ಅಪ್ಪನಿಗೆ ಖಾತ್ರಿ. ಮಾರನೇ ದಿನ ಉಡಿಗಾಲದ ನೆಂಟರನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದ. ಚಾಮರಾಜನಗರದ ಅಂಗಡಿಬೀದಿಯಲ್ಲಿ ದಪ್ಪನೆಯ ಸ್ವೆಟರು, ಮಂಗನ ಟೋಪಿ ಕೊಂಡ. ಆ ಬಿಸಿಲಲ್ಲಿ ಎರಡನ್ನೂ ಹಾಕಿಕೊಂಡು ನಿಂತವನನ್ನು ನೋಡಿ ಅಂಗಡಿಯವನು ನಕ್ಕ. "ಡೆಲ್ಲಿಯಿಂದಾಚೆಗೆ ಓಯ್ತಾ ಇವ್ನಿ ಕಣಪ್ಪ, ಮಗನ ಕಾರಲ್ಲಿ" ಅಂದ ಶಿವರುದ್ರಸ್ವಾಮಿ. ಗುರುತಿಲ್ಲದ ಅಂಗಡಿಯವನಿಗೆ ಹೇಳಲು ಬಂದ ಮಾತು ಹೆತ್ತ ಮಗನಿಗೆ ಹೇಳಲು ಬರಲಿಲ್ಲ ನೋಡಿ.

ಸಂಜೆ ಮನೆಗೆ ಬರುವಷ್ಟರಲ್ಲಿ ಸೋಮಶೇಖರ್ ಫೋನಿನಲ್ಲಿ ಲಾರಿ ಗೊತ್ತುಮಾಡಿಯಾಗಿತ್ತು. ಸ್ವೆಟರಿನ ಪೊಟ್ಟಣ ಕಂಡ ಕರಿಬಸಮ್ಮನಿಗೆ ಎಲ್ಲವೂ ತಿಳಿದುಹೋಯಿತು.

"ಬಾಯ್ಬುಟ್ಟು ಏಳ್ಬಾರ್ದಾ, ನಾನೂ ಬತ್ತೀನಿ ಅಂತ?"

"ಕರೀಲಿ, ಓಯ್ತೀನಿ. ಕರೀದೆ ಓಗಕೆ ನಾನೇನ್ ಗತಿಗೆಟ್ಟೋನಾ?"

ಕಾದ. ಊಟಕ್ಕೆ ಕೂತಾಗ ಕಾದ, ತೋಟಕ್ಕೆ ಜೊತೆಯಲ್ಲಿ ಹೋದಾಗ ಕಾದ. ಮಗ ಕೇಳಲಿಲ್ಲ. ಮಿಲಿಟರಿಯಲ್ಲಿ ಬೆಳೆದವನಿಗೆ ಒಂದು ಮಾತಿಗೆ ಒಂದೇ ಅರ್ಥ, ಬೇಡ ಅಂದರೆ ಬೇಡ. ಹಾಗೆ ಬೆಳೆಯಲಿ ಎಂದು ಕಳಿಸಿದವನೂ ತಾನೇ ಆದ ಮೇಲೆ ಯಾರನ್ನು ದೂರುವುದು?

ಲಾರಿ ಊರೊಳಗೆ ತಿರುಗಲಾರದೆ ಹೆದ್ದಾರಿಯಲ್ಲೇ ನಿಂತಿತು. ಸೋಮಶೇಖರ್ ಕಾರನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸಿ ಕೆಳಗಿಳಿದು ಬಂದ. ಲಾರಿಯವರು ಚಕ್ರಗಳಿಗೆ ಪಟ್ಟಿ ಬಿಗಿಯತೊಡಗಿದರು.

"ನೀನು ಬಂದಿದ್ರೆ ಓಡಿಸ್ಕೊಂಡೇ ಹೋಗ್ತಿದ್ದೆ ಅಪ್ಪ. ಒಬ್ನೇ ಹೋಗಕೆ ಮನಸ್ಸು ಬರ್ಲಿಲ್ಲ."

ಶಿವರುದ್ರಸ್ವಾಮಿ ಮಗನ ಹತ್ತಿರಕ್ಕೆ ಬಂದ. ಮಾನ ಮರ್ಯಾದೆಯನ್ನೆಲ್ಲ ಪಕ್ಕಕ್ಕಿಟ್ಟು, ಬದುಕಿನಲ್ಲಿ ಮೊದಲ ಸಲ, ಕರೆಯದೆಯೇ ಬಾಯಿಬಿಟ್ಟ.

"ಇಳಿಸ್ಬುಡಪ್ಪ. ನಾನ್ ಬತ್ತೀನಿ ಕಣ. ನಂಗೂ ಬಾಳ ಆಸೆ ಅದೆ."

ಮಗ ಅಪ್ಪನ ಮುಖವನ್ನೇ ನೋಡಿದ. ಅವನ ಕಣ್ಣು ಒದ್ದೆಯಾಯಿತು. ಅಪ್ಪನ ಹೆಗಲ ಮೇಲೆ ಕೈಯಿಟ್ಟ.

"ನನ್ ಮನಸ್ಸು ನೋಯ್ಬಾರ್ದು ಅಂತ ಉಪಚಾರಕ್ಕೆ ಹೇಳ್ತಿದ್ದೀಯ. ನಾನೂ ಈ ಊರೋನೇ ಅಲ್ವಾ, ಅಷ್ಟೂ ಗೊತ್ತಾಗಲ್ವಾ? ಬುಡಪ್ಪ" ಅಂದವನೇ, ಹೊರಡು ಎಂದು ಲಾರಿಯವನಿಗೆ ಕೈಬೀಸಿದ.