ರೆಸಿನ್ ಮೆತ್ತಿದ ಕೈ

ಮೈ ತೊಳೆಯದೆ ಮಗಳನ್ನು ಮುಟ್ಟುವುದಿಲ್ಲ ಎಂದು ಅವಳು ಗಂಡನಿಗೆ ಮಾತು ಕೊಟ್ಟು ಎಷ್ಟೋ ವರ್ಷವಾಗಿತ್ತು. ರಬ್ಬರಿಗೆ ಬೆರೆಸುವ ಫೀನಾಲಿಕ್ ರೆಸಿನ್ ಎಂಬ ಅಂಟುರಾಳದ ಪುಡಿ ಅವಳ ತೋಳಿನಿಂದ ತಾಗಿ, ಆಗಿನ್ನೂ ಹಸುಗೂಸಾಗಿದ್ದ ಮಗಳ ಕೆನ್ನೆ ಕೆಂಪಗೆ ಊದಿಕೊಂಡ ದಿನ ಕೊಟ್ಟ ಮಾತು ಅದು.

ಇವತ್ತೂ ಕಾರ್ಖಾನೆಯಲ್ಲಿ ಅವಳ ಮಿಲ್ಲಿನ ಬಿಸಿ ರೋಲರುಗಳ ನಡುವೆ ರಬ್ಬರು ಸುತ್ತುತ್ತಿತ್ತು. ಹಳದಿ ರೆಸಿನ್ ಸುರಿದೊಡನೆ ಆಸ್ಪತ್ರೆಯ ನೆಲ ಒರೆಸಿದಂಥ ವಾಸನೆ ಎದ್ದಿತು. ಅವಳ ಗಂಡನೂ ವಾರದಿಂದ ಆಸ್ಪತ್ರೆಯಲ್ಲೇ ಇದ್ದ.

"ಭಾವನಿಗೆ ಆಸ್ಪತ್ರೇಲೂ ಮನೇಲಿದ್ದ ಹಾಗೇ ಇರುತ್ತೆ ಬಿಡಕ್ಕಾ, ನಿನ್ನ ಮೈದೂ ಇದೇ ವಾಸನೆ!" ಎಂದಳು ಜೊತೆಯವಳು. ಇಬ್ಬರೂ ನಕ್ಕರು.

ಅಷ್ಟರಲ್ಲಿ ಮಗಳು ಬಾಗಿಲಿಂದ ಓಡಿಬಂದಳು. "ಅಮ್ಮಾ, ಅಪ್ಪ ಹೋಗ್ಬಿಟ್ರು."

ಅವಳು ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಅಲ್ಲೇ ನಿಲ್ಲು ಪುಟ್ಟೀ. ಮೈಯೆಲ್ಲ ರೆಸಿನ್ನು."

"ಇವತ್ತಾದ್ರೂ ಹಿಡ್ಕೊಳ್ಳೇ ಅಮ್ಮಾ."

ಅವಳಿಗೆ ಅಳು ಬರಲಿಲ್ಲ, ಏನೂ ಬರಲಿಲ್ಲ. ಮಿಲ್ಲು ನಿಲ್ಲಿಸಿದಳು, ಬಚ್ಚಲಿಗೆ ಹೋದಳು, ಸೋಪು ಹಚ್ಚಿ ಮೊಣಕೈವರೆಗೂ ಉಜ್ಜಿದಳು, ಬಟ್ಟೆ ಬದಲಿಸಿದಳು.

ತಿರುಗಿ ಬರುವ ಹೊತ್ತಿಗೆ ಮಗಳು ಜೊತೆಯವಳ ಹೆಗಲ ಮೇಲೆ ಅತ್ತು ಸುಸ್ತಾಗಿದ್ದಳು. ಆ ಹೆಗಲಿಗೂ ಅದೇ ಹಳದಿ ಪುಡಿ ಮೆತ್ತಿತ್ತು. ಅದೇ ಪುಡಿ ಈಗ ಮಗಳ ಕೆನ್ನೆಯ ಮೇಲೂ ಇತ್ತು.

ಅವಳು ಗಂಡನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು.